ಕೋರ್ಟಿನ ಪಡಸಾಲೆಯಿಂದ ನಿಧಿಯ ಬಾಗಿಲಿಗೆ – ಅಮ್ಮೆಂಬಳ ಸುಬ್ಬರಾವ್ ಪೈಗಳು



ಬೆಳ್ಳಿ ಹಬ್ಬದ ಈ ಸ್ಮರಣ ಸಂಚಿಕೆಗೆ ಏನಾದರೂ ಬರೆದು ಕೊಡಬೇಕು ಅಂತ ನಮ್ಮ ಅಧ್ಯಕ್ಷರು ಮೂರು ಸಲ ಜ್ಞಾಪಿಸಿದರು. ನಾವು ಎಸ್.ಎಸ್.ಎಲ್.ಸಿ. ಮುಗಿಸಿ ತೋಟಕ್ಕೆ ಇಳಿದವರು. ಅಡಿಕೆ ಮರಕ್ಕೆ ಬೋರ್ಡೊ ದ್ರಾವಣ ಹೇಗೆ ಕಲಸಬೇಕು ಅಂದರೆ ನಾಲ್ಕು ಪುಟ ಬರೆದೇವು. ಆದರೆ ಸಂಘದ ಹಬ್ಬಕ್ಕೆ ಅದು ಸಾಲದು ಅನಿಸಿತು. ಆಗ ನೆನಪಾದದ್ದು ಒಂದು ಪಟ. ಬೋರ್‌ವೆಲ್ಲಿಗೆ ದುಡ್ಡು ಹೊಂದಿಸಲು ಮೊದಲ ಸಲ ಮನೆಯವರ ಬಳೆ ಹಿಡಿದುಕೊಂಡು ಕೆನರಾ ಬ್ಯಾಂಕಿಗೆ ಹೋಗಿದ್ದಾಗ, ಅಕ್ಕಸಾಲಿಗರು ಬಂಗಾರ ಉಜ್ಜಿ ನೋಡುವ ತನಕ ಕಾಯಬೇಕಿತ್ತು. ಎದುರಿನ ಗೋಡೆಯಲ್ಲಿ ಹಳೆ ಕಾಲದ ಒಬ್ಬ ಹಿರಿಯರ ಪಟ, ಅದಕ್ಕೊಂದು ಹಾರ. ಯಾರಿದು ಅಂತ ಕೇಳಿದೆವು. ಬ್ಯಾಂಕು ಕಟ್ಟಿದವರು, ಮಂಗಳೂರಿನ ವಕೀಲರು ಅಂದರು. ವಕೀಲರು ಅನ್ನುವ ಮಾತು ನಮ್ಮ ಕಿವಿಗೆ ಸ್ವಲ್ಪ ಚುಚ್ಚಿತು. ಕಾರಣ ಮುಂದೆ ಹೇಳುತ್ತೇವೆ.

ಅಮ್ಮೆಂಬಳ ಸುಬ್ಬರಾವ್ ಪೈಗಳು ಹುಟ್ಟಿದ್ದು 1852ರ ನವೆಂಬರ್ 19ರಂದು, ನಮ್ಮದೇ ಜಿಲ್ಲೆಯ ಮೂಲ್ಕಿಯಲ್ಲಿ. ತಂದೆ ಉಪೇಂದ್ರ ಪೈಗಳೂ ಮೂಲ್ಕಿಯಲ್ಲಿ ವಕೀಲಿ ಮಾಡುತ್ತಿದ್ದವರು. ಹಾಗಾಗಿ ದಾವೆ, ಡಿಕ್ರಿ, ಜಪ್ತಿ ಅನ್ನುವ ಮಾತುಗಳು ಹುಡುಗನಿಗೆ ಹೊಸತಾಗಿರಲಿಕ್ಕಿಲ್ಲ. ಮಂಗಳೂರಿನಲ್ಲಿ ಓದಿ, ಮುಂದಿನ ಓದಿಗೆ ಮದರಾಸಿಗೆ ಹೋದರು. ಆಗ ನಮ್ಮ ದಕ್ಷಿಣ ಕನ್ನಡ ಮದರಾಸು ಪ್ರಾಂತ್ಯಕ್ಕೆ ಸೇರಿತ್ತು. ಮಂಗಳೂರಿಗೆ ರೈಲು ಬಂದದ್ದು 1907ರಲ್ಲಿ. ಅಂದರೆ ಇವರು ಓದಲು ಹೋಗುವ ಕಾಲಕ್ಕೆ ಮಂಗಳೂರಿನಲ್ಲಿ ಕಂಬಿಯೇ ಇರಲಿಲ್ಲ. ಕಲ್ಲಿಕೋಟೆ ಹತ್ತಿರದ ಬೇಪೂರಿನಿಂದ ಮದರಾಸಿಗೆ 1862ರ ಹೊತ್ತಿಗೇ ರೈಲು ಆಗಿತ್ತು, ಆದರೆ ಅಲ್ಲಿ ತನಕ ಹೋಗುವುದೇ ಒಂದು ಪ್ರಯಾಣ. ಮಳೆಗಾಲದಲ್ಲಂತೂ ಸಮುದ್ರದ ದಾರಿ ಬಂದ್. ಈಗ ರಾತ್ರಿ ಬಸ್ಸು ಹತ್ತಿ ಬೆಳಿಗ್ಗೆ ಬೆಂಗಳೂರಿನಲ್ಲಿ ಇಳಿಯುವ ನಮ್ಮ ಮಕ್ಕಳಿಗೆ ಇದು ತಿಳಿದಿರಲಿ.

ಮದರಾಸಿನ ಪ್ರೆಸಿಡೆನ್ಸಿ ಕಾಲೇಜು, ಆಮೇಲೆ ಕಾನೂನು ಓದು. ಅಲ್ಲಿ ಹಾಲೋವೇ ಎಂಬ ಹೈಕೋರ್ಟು ನ್ಯಾಯಮೂರ್ತಿಗಳ ಪ್ರಭಾವ ಇವರ ಮೇಲೆ ಬಹಳ ಆಯಿತು. ಮದರಾಸಿನಲ್ಲೇ ನಿಂತಿದ್ದರೆ ದೊಡ್ಡ ಹೆಸರು ಮಾಡಬಹುದಿತ್ತು. ಆದರೆ 1876ರಲ್ಲಿ ಮಂಗಳೂರಿಗೆ ಬಂದು ವಕೀಲಿ ಶುರು ಮಾಡಿದರು. ಆಗ ವಯಸ್ಸು 24 ತುಂಬಿತ್ತೋ ಇಲ್ಲವೋ. ಅಲ್ಲಿಂದ ಮುಂದೆ ಸಾಯುವ ತನಕ, ಅಂದರೆ ಸುಮಾರು 33 ವರ್ಷ, ಮಂಗಳೂರೇ ಅವರ ಕರ್ಮಭೂಮಿ.

ಆ ಕಾಲದ ಮಂಗಳೂರು ಕೋರ್ಟಿಗೆ ಎಂತಹ ವ್ಯಾಜ್ಯ ಬರುತ್ತಿತ್ತು ಅಂತ ಸ್ವಲ್ಪ ಹೇಳಬೇಕು. ಯಾಕೆಂದರೆ ಅದು ಗೊತ್ತಿಲ್ಲದೆ ಪೈಗಳ ದೊಡ್ಡತನ ತಿಳಿಯುವುದಿಲ್ಲ. ನಮ್ಮ ಜಿಲ್ಲೆಯ ಭೂಮಿ ವ್ಯವಹಾರ ಬೇರೆ ಕಡೆಯಂತಲ್ಲ. ವರ್ಗದ ಧನಿ ಒಬ್ಬ, ಮೂಲಗೇಣಿಯವ ಇನ್ನೊಬ್ಬ, ಚಾಲಗೇಣಿ ಒಕ್ಕಲು ಮತ್ತೊಬ್ಬ. ಮೂಲಗೇಣಿಯವನ ಗೇಣಿ ಏರುವ ಹಾಗಿರಲಿಲ್ಲ, ಚಾಲಗೇಣಿಯವನನ್ನು ಯಾವಾಗ ಬೇಕಾದರೂ ಎಬ್ಬಿಸಬಹುದಿತ್ತು. ಒಂದೇ ಗದ್ದೆಯ ಮೇಲೆ ಮೂರು ಜನರ ಹಕ್ಕು, ಅದರ ಮೇಲೆ ಸಾಲ ಕೊಟ್ಟವನ ಅಡವು ನಾಲ್ಕನೆಯದು. ಸಾಲದ ಮೇಲೆ ದಾವೆ ಹಾಕುವ ವಕೀಲನಿಗೆ ಮೊದಲ ತಲೆನೋವು ಇದೇ. ಅಡವು ಇಟ್ಟವನಿಗೆ ಇಡುವ ಹಕ್ಕು ಎಷ್ಟರ ಮಟ್ಟಿಗೆ ಇತ್ತು?

ಅದರ ಜತೆಗೆ ಅಳಿಯಸಂತಾನ. ಕುಟುಂಬದ ಯಜಮಾನ ಸಾಲ ತೆಗೆದು ಆಸ್ತಿ ಬರೆದುಕೊಟ್ಟ ಅಂತಿಟ್ಟುಕೊಳ್ಳಿ. ನಾಳೆ ಅಳಿಯಂದಿರು ಕೋರ್ಟಿಗೆ ಬಂದು, ಇದು ಕುಟುಂಬದ ಅಗತ್ಯಕ್ಕೆ ಮಾಡಿದ ಸಾಲವಲ್ಲ, ಯಜಮಾನನ ಸ್ವಂತ ಶೋಕಿಗೆ ಮಾಡಿದ್ದು, ಆದ್ದರಿಂದ ಆಸ್ತಿಗೆ ಅಂಟುವುದಿಲ್ಲ ಅಂತ ವಾದ ಹೂಡಬಹುದು. ಆಗ ಕುಟುಂಬಕ್ಕೆ ಆ ದುಡ್ಡಿನ ಅಗತ್ಯ ಇತ್ತು ಅಂತ ರುಜುವಾತು ಮಾಡುವ ಹೊರೆ ದುಡ್ಡು ಕೊಟ್ಟವನದ್ದು. ಸಾಲ ಕೊಟ್ಟು ಹತ್ತು ಹನ್ನೆರಡು ವರ್ಷ ಆದ ಮೇಲೆ, ಯಾವ ಮದುವೆಗೆ ಕೊಟ್ಟದ್ದು, ಯಾವ ತಿರ್ವೆಗೆ ಕೊಟ್ಟದ್ದು ಅಂತ ಸಾಕ್ಷಿ ಎಲ್ಲಿಂದ ತರುವುದು ಮಾರಾಯ್ರೆ?

ಅಂತೂ ದಾವೆ ಹಾಕುವುದು. ಮೊದಲು ದಾವೆಯ ಮೊಬಲಗಿಗೆ ತಕ್ಕ ಕೋರ್ಟು ಸ್ಟಾಂಪು. ಪ್ರಾಮಿಸರಿ ನೋಟಾದರೆ ಮೂರು ವರ್ಷದೊಳಗೆ ಹಾಕದಿದ್ದರೆ ವಾಯಿದೆ ಮೀರಿತು. ಸಮನ್ಸು ಹೋಗಬೇಕು, ಪ್ರತಿವಾದಿ ತಕರಾರು ಸಲ್ಲಿಸಬೇಕು, ಸಾಕ್ಷಿ, ವಿಚಾರಣೆ. ಮುನ್ಸೀಫ್ ಕೋರ್ಟಿನಲ್ಲಿ ಗೆದ್ದರೆ ಮೇಲಿನ ಕೋರ್ಟಿಗೆ ಅಪೀಲು, ಅದರ ಮೇಲೆ ಮದರಾಸು ಹೈಕೋರ್ಟು. ಇಷ್ಟೆಲ್ಲ ಆಗಿ ಡಿಕ್ರಿ ಸಿಕ್ಕಿದರೆ ದುಡ್ಡು ಸಿಕ್ಕಿತು ಅಂತ ಲೆಕ್ಕವಲ್ಲ. ಅಮಲ್ಜಾರಿ ಅರ್ಜಿ ಬೇರೆ ಹಾಕಬೇಕು. ಜಪ್ತಿ, ಜಾಹೀರಾತು, ಏಲಂ. ಊರವರು ಮುಲಾಜಿಗೆ ಸವಾಲು ಕೂಗದಿದ್ದರೆ ಏಲಂ ನಿಂತಿತು, ಇಲ್ಲವೇ ಸಾಲ ಕೊಟ್ಟವನೇ ಕೋರ್ಟಿನ ಅಪ್ಪಣೆ ತೆಗೆದು ಕಡಿಮೆ ಬೆಲೆಗೆ ಹಿಡಿದ. ಆಗಿನ ಕಾಯಿದೆಯಲ್ಲಿ ಸಾಲಗಾರನನ್ನು ಸಿವಿಲ್ ಜೈಲಿಗೆ ಹಾಕಿಸುವುದಕ್ಕೂ ಅವಕಾಶ ಇತ್ತು. ಆದರೆ ಜೈಲಿನಲ್ಲಿ ಅವನ ಊಟದ ಬತ್ಯವನ್ನು ಹಾಕಿಸಿದವನೇ ಕಟ್ಟಬೇಕು. ಸಾಲವೂ ಬರಲಿಲ್ಲ, ಮೇಲಿಂದ ಅನ್ನವೂ ಹಾಕಬೇಕು!

ನಮ್ಮ ಅಜ್ಜನವರ ಒಂದು ಗಡಿ ತಕರಾರು 18 ವರ್ಷ ನಡೆದದ್ದು ನಮ್ಮ ಊರಿನ ಹಿರಿಯರಿಗೆ ಗೊತ್ತುಂಟು. ಒಂದು ಕಂಗಿನ ಸಾಲು, 22 ಮರ. ಗೆದ್ದರು. ಗೆಲ್ಲುವ ಹೊತ್ತಿಗೆ ಕೆಳಗಿನ ಬೈಲಿನ ಎರಡು ಮುಡಿ ಗದ್ದೆ ಮಾರಿ ಆಗಿತ್ತು, 22ರಲ್ಲಿ 9 ಮರ ಸತ್ತಿದ್ದವು. ಆ ವಕೀಲರ ಹೆಸರು ಇಲ್ಲಿ ಬೇಡ, ಅವರೂ ಈಗ ಇಲ್ಲ. ರಾಜಿ ಮಾಡಿಕೊಳ್ಳಿ ಅಂತ ಒಂದು ದಿನವೂ ಅವರು ಬಾಯಿ ಬಿಡಲಿಲ್ಲ ಅಂತ ಅಜ್ಜ ಕೊನೆ ತನಕ ಹೇಳುತ್ತಿದ್ದರು. ವಕೀಲರು ಅನ್ನುವ ಮಾತು ಚುಚ್ಚಿತು ಅಂದದ್ದು ಇದಕ್ಕೇ.

ಆದ್ದರಿಂದ ಸುಬ್ಬರಾವ್ ಪೈಗಳ ವಿಷಯ ಓದಿದಾಗ ನಾವು ಮೊದಲು ನಂಬಲಿಲ್ಲ. ಅವರು ಕಕ್ಷಿದಾರರನ್ನು ಕೂರಿಸಿಕೊಂಡು, ಕೋರ್ಟಿನ ಹೊರಗೇ ರಾಜಿ ಮಾಡಿಕೊಳ್ಳಿ ಅಂತ ಬುದ್ಧಿ ಹೇಳುತ್ತಿದ್ದ ವಕೀಲರು. ರಾಜಿಯಿಂದ ವಕೀಲನ ಫೀಸಿಗೆ ಕತ್ತರಿ ಬೀಳುತ್ತದೆ ಅನ್ನುವುದು ಯಾರಿಗಾದರೂ ಗೊತ್ತು. ಆದರೂ ಅವರ ವೃತ್ತಿಗೆ ಅದರಿಂದ ಕುಂದು ಬರಲಿಲ್ಲ. ಮಂಗಳೂರಿನ ಮುಂದಾಳು ವಕೀಲರಲ್ಲಿ ಒಬ್ಬರಾಗಿಯೇ ಉಳಿದರು. ನಮಗೆ ಅನಿಸುವುದು ಇಷ್ಟು: ಈ ವಕೀಲರು ಸುಮ್ಮನೆ ಎಳೆಯುವವರಲ್ಲ ಅಂತ ಜನಕ್ಕೆ ಒಮ್ಮೆ ಗೊತ್ತಾದರೆ, ನಿಜವಾಗಿ ಹೋರಾಡಲೇ ಬೇಕಾದ ಕೇಸು ತಾನಾಗಿ ಅವರಲ್ಲಿಗೇ ಬರುತ್ತದೆ. ಎದುರಿನ ಕಕ್ಷಿಯವನೂ ಅವರ ಮಾತಿಗೆ ಬೆಲೆ ಕೊಡುತ್ತಾನೆ.

ಶಾಲೆಯ ಕೆಲಸವನ್ನು ಸ್ವಲ್ಪದರಲ್ಲಿ ಹೇಳಿ ಬಿಡುತ್ತೇವೆ, ಅದು ಎಲ್ಲರಿಗೂ ಗೊತ್ತಿರುವ ಸಂಗತಿ. 1891ರಲ್ಲಿ ಮಂಗಳೂರಿನಲ್ಲಿ ಕೆನರಾ ಹೈಸ್ಕೂಲು, 1894ರಲ್ಲಿ ಹೆಣ್ಣು ಮಕ್ಕಳಿಗೆ ಕೆನರಾ ಗರ್ಲ್ಸ್ ಹೈಸ್ಕೂಲು ಶುರು ಮಾಡಿದರು. ಹೆಣ್ಣು ಮಕ್ಕಳನ್ನು ಬೇಗ ಮದುವೆ ಮಾಡಿ ಕಳುಹಿಸುತ್ತಿದ್ದ ಆ ಕಾಲದಲ್ಲಿ ಇದು ಸಣ್ಣ ಧೈರ್ಯವಲ್ಲ. ಮನೆ ಮನೆಯಲ್ಲಿ ಅನ್ನಕ್ಕೆ ಅಕ್ಕಿ ಹಾಕುವಾಗ ಒಂದು ಮುಷ್ಟಿ ತೆಗೆದಿರಿಸಲು ಹೇಳಿ, ಅದನ್ನು ಒಟ್ಟು ಮಾಡಿ ಮಕ್ಕಳ ಓದಿಗೆ ಉಪಯೋಗಿಸಿದ ಕತೆ ನಮ್ಮ ಕಡೆ ಇವತ್ತಿಗೂ ಬಾಯಲ್ಲಿ ಉಂಟು. ನಮ್ಮ ಸಂಘದ ಹಾಲಿನ ಡೈರಿಯಲ್ಲಿ ಲೀಟರಿಗೆ ಇಷ್ಟು ಪೈಸೆ ಅಂತ ಶಾಲೆಗೆ ಹಿಡಿಯುವ ನಿರ್ಣಯ ಬಂದಾಗ ಗಲಾಟೆ ಮಾಡಿದವರು ಈ ಸಾಲನ್ನು ಎರಡು ಸಲ ಓದಬೇಕಾಗಿ ವಿನಂತಿ.

ಈಗ ಮುಖ್ಯ ವಿಷಯ. 1906ನೇ ಇಸವಿ ನಮ್ಮ ಜಿಲ್ಲೆಯ ಮಟ್ಟಿಗೆ ದೊಡ್ಡ ವರ್ಷ. ಆ ವರ್ಷ ಮಾರ್ಚಿ 12ಕ್ಕೆ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಊರಿನ ಗಣ್ಯರನ್ನು ಕೂಡಿಸಿಕೊಂಡು 5000 ರೂಪಾಯಿ ಬಂಡವಾಳದಲ್ಲಿ ಒಂದು ಬ್ಯಾಂಕು ಶುರು ಮಾಡಿದರು. ಅದು ಮುಂದೆ ಕಾರ್ಪೊರೇಷನ್ ಬ್ಯಾಂಕ್ ಆಯಿತು. ಜುಲೈ 1ಕ್ಕೆ ಮಂಗಳೂರಿನಲ್ಲಿ ಸುಬ್ಬರಾವ್ ಪೈಗಳು ಕೆನರಾ ಹಿಂದೂ ಪರ್ಮನೆಂಟ್ ಫಂಡ್ ಹುಟ್ಟುಹಾಕಿದರು. ಈ ಹೆಸರು ಯಾಕೆ ಹೀಗೆ ಅಂತ ಹಲವರು ಕೇಳುತ್ತಾರೆ. ಮದರಾಸಿನಲ್ಲಿ ಮೈಲಾಪುರ ಹಿಂದೂ ಪರ್ಮನೆಂಟ್ ಫಂಡ್ ಅಂತ 1872ರಲ್ಲೇ ಒಂದು ನಿಧಿ ಹುಟ್ಟಿತ್ತು. ಪೈಗಳು ಮದರಾಸಿನಲ್ಲಿ ಓದುತ್ತಿದ್ದ ಕಾಲವೂ ಅದರ ಆಸುಪಾಸು. ಅಲ್ಲಿ ಕಂಡ ಮಾದರಿಯೇ ಇಲ್ಲಿಗೆ ಬಂದಿರಬೇಕು ಅಂತ ನಮ್ಮ ಊಹೆ. ನಿಧಿ ಅಂದರೆ ಸದಸ್ಯರೇ ಸ್ವಲ್ಪ ಸ್ವಲ್ಪ ಕೂಡಿಡುವುದು, ಸದಸ್ಯರಿಗೇ ಸಾಲ ಕೊಡುವುದು. ನಮ್ಮ ಸೊಸೈಟಿಗೆ ಅದು ದೂರದ ದಾಯಾದಿ ಅಂತ ಹೇಳಿದರೆ ತಪ್ಪಾಗಲಾರದು. ಸಹಕಾರಿ ಪತ್ತಿನ ಸಂಘಗಳ ಕಾಯಿದೆ 1904ರಲ್ಲಿ ಬಂದಿತ್ತು, 1905ರಲ್ಲಿ ಗದಗದ ಹತ್ತಿರ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರು ಸಂಘ ಕಟ್ಟಿಯೂ ಆಗಿತ್ತು. ಪೈಗಳು ಆ ದಾರಿ ಹಿಡಿಯದೆ ಕಂಪೆನಿ ಕಾಯಿದೆಯ ದಾರಿ ಹಿಡಿದರು. ಪೇಟೆಯ ವಕೀಲರಿಗೆ ಅದು ಪರಿಚಯದ ದಾರಿ.

ನೋಡಿ, 30 ವರ್ಷ ಸಿವಿಲ್ ಕೋರ್ಟಿನಲ್ಲಿ ನಿಂತವರಿಗೆ ಒಂದು ಸಾಲ ಎಲ್ಲಿ ಕೆಟ್ಟಿತು ಅಂತ ತಿಳಿದಷ್ಟು ದುಡ್ಡು ಕೊಡುವ ಸಾಹುಕಾರನಿಗೂ ತಿಳಿದಿರುವುದಿಲ್ಲ. ಸಾಹುಕಾರ ತನ್ನ ಸಾಲ ಮಾತ್ರ ನೋಡುತ್ತಾನೆ. ವಕೀಲ ಊರಿನವರ ಕೆಟ್ಟ ಸಾಲವನ್ನೆಲ್ಲ ನೋಡುತ್ತಾನೆ. ಬಿತ್ತುವಾಗ ಸಿಗದ ದುಡ್ಡು, ಮಗಳ ಮದುವೆಗೆ ಬರೆದುಕೊಟ್ಟ ಕರಾರು, ಬಡ್ಡಿಗೆ ಬಡ್ಡಿ ಸೇರಿ ಅಸಲನ್ನು ಮೀರಿದ ಲೆಕ್ಕ, ಓದಲು ಬಾರದವನ ಹೆಬ್ಬೆಟ್ಟು. ಇದು ಕೋರ್ಟಿಗೆ ಬಂದ ಮೇಲೆ ಸರಿ ಮಾಡುವ ಸಂಗತಿಯಲ್ಲ, ಬರುವ ಮೊದಲೇ ತಡೆಯಬೇಕಾದ್ದು ಅಂತ ಅವರಿಗೆ ಅನಿಸಿರಬೇಕು. ಜನರಲ್ಲಿ ಉಳಿತಾಯದ ಅಭ್ಯಾಸ ಬೆಳೆಯಬೇಕು, ಕಷ್ಟದಲ್ಲಿದ್ದವನಿಗೆ ನ್ಯಾಯವಾದ ಬಡ್ಡಿಗೆ ದುಡ್ಡು ಸಿಗಬೇಕು ಅನ್ನುವುದನ್ನು ಅವರು ನಿಧಿಯ ಉದ್ದೇಶದಲ್ಲೇ ಇಟ್ಟರು.

ಇಲ್ಲಿ ಒಂದು ತಿದ್ದುಪಡಿ ಹೇಳಬೇಕು. ಮದರಾಸಿನ ಅರ್ಬತ್‌ನಾಟ್ ಕಂಪೆನಿ ಮುಳುಗಿದ್ದರಿಂದ ಪೈಗಳು ಈ ನಿಧಿ ಕಟ್ಟಿದರು ಅಂತ ಕೆಲವರು ಭಾಷಣದಲ್ಲಿ ಹೇಳುವುದುಂಟು. ತಾರೀಕು ಕೂಡುವುದಿಲ್ಲ. ನಿಧಿ ಹುಟ್ಟಿದ್ದು ಜುಲೈ 1ಕ್ಕೆ, ಅರ್ಬತ್‌ನಾಟ್ ಬಾಗಿಲು ಹಾಕಿದ್ದು ಅದೇ 1906ರ ಅಕ್ಟೋಬರ್ 22ಕ್ಕೆ. ಆದರೆ ಆ ಪೆಟ್ಟು ದೊಡ್ಡದು ಅನ್ನುವುದು ಖರೆ. ಬಿಳಿಯರ ಕಂಪೆನಿ, ಬಂಡೆಯ ಹಾಗೆ ಭದ್ರ ಅಂತ ನಂಬಿ ವಿಧವೆಯರು, ಪಿಂಚಣಿದಾರರು, ದೇವಸ್ಥಾನದವರು ಠೇವಣಿ ಇಟ್ಟಿದ್ದರು, ಸಾವಿರಾರು ಜನರ ದುಡ್ಡು ಹೋಯಿತು. ಯಜಮಾನ ಸರ್ ಜಾರ್ಜ್ ಅರ್ಬತ್‌ನಾಟ್‌ಗೆ 18 ತಿಂಗಳ ಜೈಲು ಆಯಿತು. ಠೇವಣಿದಾರರ ಪರವಾಗಿ ನಿಂತು ಹೋರಾಡಿದವರು ವಿ. ಕೃಷ್ಣಸ್ವಾಮಿ ಅಯ್ಯರ್ ಅನ್ನುವ ಮದರಾಸಿನ ವಕೀಲರು. ಅವರೇ ಮುಂದಾಗಿ 1907ರಲ್ಲಿ ಇಂಡಿಯನ್ ಬ್ಯಾಂಕ್ ಕಟ್ಟಿಸಿದರು. ಇಬ್ಬರೂ ಸಿವಿಲ್ ವಕೀಲರೇ. ಒಬ್ಬರು ಬೆಂಕಿ ಬೀಳುವ ಮೊದಲೇ ಬಾವಿ ತೋಡಿದರು, ಇನ್ನೊಬ್ಬರು ಬೆಂಕಿ ಆರಿಸಿ ತೋಡಿದರು.

ಮಂಗಳೂರಿನ ಈ ಪುಟ್ಟ ನಿಧಿ ಹುಟ್ಟಿ ನಾಲ್ಕೇ ತಿಂಗಳಿಗೆ ಈ ಸುದ್ದಿ. ಠೇವಣಿ ಅಂದರೆ ಜನ ಹೆದರುವ ಹೊತ್ತು. ಅಂಥ ಸಮಯದಲ್ಲಿ ನಿಧಿ ನಿಂತದ್ದು ಕಟ್ಟಡ ನೋಡಿ ಅಲ್ಲ, ಬಂಡವಾಳ ನೋಡಿಯೂ ಅಲ್ಲ. ಪೈಗಳ ಮಾತಿಗೆ 30 ವರ್ಷದಿಂದ ಊರಿನಲ್ಲಿ ಇದ್ದ ಬೆಲೆಯೇ ಅದರ ಆಸ್ತಿ ಅಂತ ನಾವು ತಿಳಿದಿದ್ದೇವೆ.

ನಿಧಿ ಬ್ಯಾಂಕ್ ಆದದ್ದನ್ನು ಅವರು ನೋಡಲಿಲ್ಲ. 1909ರ ಜುಲೈ 25ರಂದು ತೀರಿಕೊಂಡರು, 57 ತುಂಬಿರಲಿಲ್ಲ. ಮರು ವರ್ಷ 1910ರಲ್ಲಿ ಅದು ಕೆನರಾ ಬ್ಯಾಂಕ್ ಲಿಮಿಟೆಡ್ ಆಯಿತು. 1969ರ ಜುಲೈ 19ಕ್ಕೆ ಸರಕಾರದ್ದಾಯಿತು. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ್ದ ಸಿಂಡಿಕೇಟ್ ಬ್ಯಾಂಕ್ 2020ರ ಏಪ್ರಿಲ್ 1ರಂದು ಇದರಲ್ಲೇ ಸೇರಿತು. ಅದೇ ದಿನ ಹಾಜಿ ಅಬ್ದುಲ್ಲಾ ಸಾಹೇಬರ ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನಲ್ಲಿ ಕರಗಿತು, ಅದಕ್ಕೆ ಒಂದು ವರ್ಷ ಮೊದಲು ನಮ್ಮ ವಿಜಯಾ ಬ್ಯಾಂಕ್ ಬರೋಡಾ ಬ್ಯಾಂಕಿಗೆ ಹೋಯಿತು. ಬೋರ್ಡು ಬದಲಾಯಿಸುವ ದಿನ ಪೇಟೆಯಲ್ಲಿ ನಿಂತು ನೋಡಿದ ನಮಗೆ ಹೊಟ್ಟೆಯಲ್ಲಿ ಎಂತದೋ ಆಯಿತು. ಅದಿರಲಿ. ವಕೀಲರೇ ನಮ್ಮ ಜಿಲ್ಲೆಗೆ ಸಹಕಾರವನ್ನೂ ತಂದರು ಅನ್ನುವುದನ್ನು ಮರೆಯಬಾರದು. ಪುತ್ತೂರಿನ ಮೊಳಹಳ್ಳಿ ಶಿವರಾಯರೂ ವಕೀಲರೇ, ನಮಗೆಲ್ಲ ಸಾಲ ಕೊಡುವ ಜಿಲ್ಲಾ ಕೇಂದ್ರ ಬ್ಯಾಂಕು 1914ರಲ್ಲಿ ಅವರ ದುಡಿಮೆಯಿಂದಲೇ ಆದದ್ದು.

ಪೈಗಳ ಜೀವನವನ್ನು ನಾವು ಯಾಕೆ ಇಷ್ಟು ಹಚ್ಚಿಕೊಂಡೆವು ಅನ್ನುವುದಕ್ಕೆ ನಮ್ಮ ಸಂಘದ್ದೇ ಒಂದು ಸಂಗತಿ ಹೇಳಬೇಕು. ಹೆಸರು ಹೇಳುವುದಿಲ್ಲ. 2018ರ ಮಳೆಗಾಲ ಎಲ್ಲರಿಗೂ ನೆನಪಿರಬಹುದು. ಮದ್ದು ಬಿಡಲಿಕ್ಕೆ ಬಿಸಿಲೇ ಸಿಗದೆ ಕೊಳೆರೋಗ ಬಂದು ಅರ್ಧ ತೋಟದ ಅಡಿಕೆ ಬುಡದಲ್ಲಿತ್ತು. ಆಮೇಲಿನ ಎರಡು ವರ್ಷದಲ್ಲಿ ನಮ್ಮಲ್ಲಿ ಇಬ್ಬರು ಸದಸ್ಯರ ಸಾಲ ಸುಸ್ತಿಗೆ ಬಿತ್ತು. 70ನೇ ಕಲಮಿನಲ್ಲಿ ದಾವೆ ಹಾಕಿ ತೀರ್ಪೂ ಆಯಿತು, ಅಮಲ್ಜಾರಿಗೆ ಮಾರಾಟಾಧಿಕಾರಿಗೆ ಕೊಡಬೇಕೋ ಬೇಡವೋ ಅಂತ ಆಡಳಿತ ಮಂಡಳಿಯಲ್ಲಿ ಚರ್ಚೆ. ಇಬ್ಬರಲ್ಲಿ ಒಬ್ಬರು ನಮ್ಮ ನೆರೆಕರೆಯವರು, ಅವರ ಮನೆಯ ಮದುವೆಗೆ ನಾವು ಚಪ್ಪರ ಹಾಕಿದವರು. ಕೈ ಎತ್ತುವಾಗ ನಮ್ಮ ಕೈ ಮೇಲೆ ಹೋಗಲಿಲ್ಲ. ಜಪ್ತಿ ಬೇಡ, ಒಮ್ಮೆ ಕೂತು ಮಾತಾಡುವ ಅಂತ ಹಠ ಹಿಡಿದೆವು. ಆಗ ನಮ್ಮ ತಲೆಯಲ್ಲಿ ಇದ್ದದ್ದು ಆ ಪಟದವರು.

ಕಾರ್ಯದರ್ಶಿಗಳನ್ನು ಕರೆದುಕೊಂಡು ಎರಡೂ ಮನೆಗೆ ಹೋದೆವು. ಅಂಗಳದಲ್ಲಿ ಕೂತು ಲೆಕ್ಕ ಹಾಕಿದೆವು. ಮೇಲಧಿಕಾರಿಗಳಿಂದ ಒಪ್ಪಿಗೆ ತರಿಸಿ ದಂಡಬಡ್ಡಿ ಬಿಟ್ಟು ಕಂತು ಮಾಡಿಕೊಟ್ಟೆವು. ನೆರೆಕರೆಯವರು ಅಡಿಕೆಗೆ ಒಳ್ಳೆ ರೇಟು ಬಂದ ವರ್ಷ ಪೂರಾ ಕಟ್ಟಿ ತೀರಿಸಿದರು. ಇನ್ನೊಬ್ಬರು ಎರಡು ಕಂತು ಕಟ್ಟಿ ನಿಲ್ಲಿಸಿದರು. ಆ ನಡುವೆ ಜಾಗವನ್ನು ಬೇರೆ ಕಡೆ ಕರಾರಿಗೆ ಕೊಟ್ಟು ಮುಂಗಡವನ್ನೂ ತೆಗೆದುಕೊಂಡಿದ್ದರು. ರಾಜಿ ಅಂತ ನಾವು ಕಳೆದ ಎರಡು ವರ್ಷ ಅವರಿಗೆ ಉಪಯೋಗವಾಯಿತು, ಸಂಘಕ್ಕೆ ನಷ್ಟವಾಯಿತು. ಮಹಾಸಭೆಯಲ್ಲಿ ಒಬ್ಬರು ಎದ್ದು ನಿಂತು ಆ ದುಡ್ಡು ಯಾರದ್ದು ಅಂತ ನಮ್ಮನ್ನೇ ಕೇಳಿದರು. ಉತ್ತರ ಇರಲಿಲ್ಲ. ಅದು ಹಾಲು ಮಾರಿ ಠೇವಣಿ ಇಟ್ಟ ಹೆಂಗಸರದ್ದು ಅಂತ ನಮಗೂ ಗೊತ್ತಿತ್ತು.

ಆ ರಾತ್ರಿ ಯೋಚನೆ ಬಂತು. ಪೈಗಳು ರಾಜಿ ಮಾಡಿಸುತ್ತಿದ್ದರು ಅಂತ ನಾವು ಓದಿದೆವು, ಆದರೆ ಯಾರಿಗೆ ರಾಜಿ, ಯಾರಿಗೆ ಡಿಕ್ರಿ ಅಂತ ಆರಿಸುವ ಕಣ್ಣು ಅವರಿಗೆ 30 ವರ್ಷದ ಕೋರ್ಟು ಕೊಟ್ಟಿತ್ತು. ನಮಗೆ ಇದ್ದದ್ದು ಚಪ್ಪರದ ಸಂಬಂಧ ಒಂದೇ. ಮರು ತಿಂಗಳ ಸಭೆಯಲ್ಲಿ ಆ ಎರಡನೆಯ ಕಡತವನ್ನು ಮಾರಾಟಾಧಿಕಾರಿಗೆ ಕಳುಹಿಸುವ ನಿರ್ಣಯಕ್ಕೆ ಸೂಚಕರಾಗಿ ಸಹಿ ಹಾಕಿದವರು ನಾವೇ. ಆ ಮನೆಯವರು ಈಗ ದಾರಿಯಲ್ಲಿ ಸಿಕ್ಕಿದರೆ ನಮ್ಮ ಹತ್ತಿರ ಮಾತಾಡುವುದಿಲ್ಲ.

ಕಳೆದ ನವೆಂಬರ್ 19ಕ್ಕೆ ಗೊಬ್ಬರದ ಲೆಕ್ಕದ ಕೆಲಸದ ಮೇಲೆ ಪೇಟೆಗೆ ಹೋದವರು ಬ್ಯಾಂಕಿಗೂ ಹೊಕ್ಕೆವು. ಸ್ಥಾಪಕರ ದಿನ ಅಂತ ಆ ಪಟಕ್ಕೆ ಹೊಸ ಹಾರ ಹಾಕಿದ್ದರು, ಬಂದವರಿಗೆಲ್ಲ ಒಂದೊಂದು ಪೇಡೆ. ಕೌಂಟರಿನ ಹುಡುಗಿ ಹಿಂದಿಯಲ್ಲಿ ಏನೋ ಕೇಳಿದಳು. ನಾವು ಪೇಡೆ ತೆಗೆದುಕೊಂಡು ಸ್ವಲ್ಪ ಹೊತ್ತು ಪಟದ ಎದುರಿನ ಬೆಂಚಿನಲ್ಲೇ ಕೂತೆವು.